ಜುಟ್ಟಿಗೆ ಮಲ್ಲಿಗೆ: 6,500 ರೂಪಾಯಿಯ ಹಳೇ ಬೇಸ್ ಗಿಟಾರ್‌ಗೆ ಪಾಲಿಶ್ ಹಾಕಿದ ಪ್ರಕರಣ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಗಿಟಾರ್‌ಗೆ 6,500 ರೂಪಾಯಿ. ಹೊಸ ತಂತಿ ಒಂದು ಸೆಟ್ 1,450. ಎರಡು ಪಾಟ್ (ವಾಲ್ಯೂಮ್, ಟೋನ್ ತಿರುಗಿಸೋ ಭಾಗ), ಒಂದು ಜ್ಯಾಕ್ (ಕೇಬಲ್ ಚುಚ್ಚೋ ಜಾಗ) ಸೇರಿ 480. ಉಪ್ಪುಕಾಗದ 240. ಅರಗು, ಸ್ಪಿರಿಟ್, ಬಣ್ಣದ ಪುಡಿ ಎಲ್ಲ ಸೇರಿ 700. ಒಟ್ಟು 9,370. ಇದೇ ಥರದ್ದು ಹೊಸದು ತಗೊಂಡಿದ್ದರೆ 13 ಸಾವಿರದ ಆಸುಪಾಸು ಆಗುತ್ತಿತ್ತು. ಅಂದರೆ ಉಳಿದಿದ್ದು ಮೂರೂವರೆ ಸಾವಿರ ಚಿಲ್ಲರೆ, ಹೋಗಿದ್ದು ಏಳು ಭಾನುವಾರ. ಆ ಏಳರಲ್ಲಿ ಎರಡು ಭಾನುವಾರ ಪೂರ್ತಿ ಒಂದು ಗುಂಯ್ ಅನ್ನೋ ಶಬ್ದ ಹುಡುಕೋದರಲ್ಲೇ ಹೋಯಿತು, ಆ ಶಬ್ದ ಹುಟ್ಟಿಸಿದವನೂ ನಾನೇ. ಬಣ್ಣಕ್ಕೆ ಕೊಟ್ಟ ಗಮನದ ಕಾಲು ಭಾಗ ಒಂದು ಸಣ್ಣ ವೈರ್‌ಗೆ ಕೊಟ್ಟಿದ್ದರೆ ಈ ಬರಹ ಅರ್ಧದಲ್ಲೇ ಮುಗಿಯುತ್ತಿತ್ತು.

ನಮ್ಮದು ಮೈಸೂರಿನ ಸಣ್ಣ ಆರ್ಕೆಸ್ಟ್ರಾ. ಗಣೇಶ ಹಬ್ಬಕ್ಕೆ ಎರಡು ಮೂರು ಪೆಂಡಾಲ್, ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಇನ್ನೊಂದೆರಡು, ಅಷ್ಟೇ. ಬೇಸ್, ಅಂದರೆ ತಗ್ಗು ಸ್ವರದ ನಾಲ್ಕು ತಂತಿಯ ಗಿಟಾರ್, ನುಡಿಸುತ್ತಿದ್ದ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ. ಹೋಗುವಾಗ ಗಿಟಾರನ್ನೂ ತಗೊಂಡು ಹೋದ, ಅದು ಅವನದ್ದೇ. ನಾನು ರಿದಮ್ ಗಿಟಾರ್. ಆರು ತಂತಿ ನುಡಿಸೋನಿಗೆ ನಾಲ್ಕು ತಂತಿ ಯಾವ ಲೆಕ್ಕ ಅಂತ ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದರು. ಜೂನ್ ಶುರುವಾಗಿತ್ತು, ಹಬ್ಬಕ್ಕೆ ಮೂರು ತಿಂಗಳೂ ಇರಲಿಲ್ಲ.

ಯಾವ ಥರದ್ದು ಬೇಕು ಅನ್ನೋದರಲ್ಲಿ ಮಾತ್ರ ನನಗೆ ಗೊಂದಲ ಇರಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಅಮೆರಿಕದಲ್ಲಿ ಪ್ರಿಸಿಷನ್ ಬೇಸ್ ತಂದಾಗ, ಅಲ್ಲಿಯವರೆಗೆ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ಅದರಲ್ಲಿ ಫ್ರೆಟ್, ಅಂದರೆ ತಂತಿಯಡಿ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ, ಇತ್ತು. ಬೆರಳು ಚೂರು ಆಚೆ ಈಚೆ ಆದರೂ ಸ್ವರ ಸರಿಯಾಗೇ ಬರುತ್ತಿತ್ತು, ಪ್ರಿಸಿಷನ್ ಅನ್ನೋ ಹೆಸರು ಅದಕ್ಕೇ. ನಟ್‌ನಿಂದ (ತಂತಿ ಮೇಲ್ತುದಿಯಲ್ಲಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ತಂತಿ ಕೆಳತುದಿಯಲ್ಲಿ ಕೂರುವ ಲೋಹದ ತಟ್ಟೆ) 34 ಇಂಚು ತಂತಿ. 1957ರಲ್ಲಿ ಪಿಕಪ್ಪನ್ನು, ಅಂದರೆ ತಂತಿಯ ಕಂಪನವನ್ನು ಕರೆಂಟಾಗಿ ಹಿಡಿಯೋ ಕಾಂತ, ಸುರುಳಿಯ ಭಾಗವನ್ನು, ಎರಡು ತುಂಡು ಮಾಡಿದರು, ಎರಡು ತಂತಿಗೊಂದು. ಇವತ್ತಿಗೂ ಜಗತ್ತಿನ ಅಗ್ಗದ ಬೇಸ್‌ಗಳಲ್ಲಿ ಎಷ್ಟೋ ಇದರದ್ದೇ ನಕಲು. ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಕೆಡೋಕೆ ಭಾಗಗಳೇ ಕಮ್ಮಿ ಅಂತ ನನ್ನ ಲೆಕ್ಕ.

ಗಿಟಾರ್ ಸಿಕ್ಕಿದ್ದು ಬೆಂಗಳೂರಲ್ಲಿ, ಒಂದು ಪಿಜಿಯ ಮೂರನೇ ಮಹಡಿಯಲ್ಲಿ. ಕಂಪನಿ ಹೆಸರು ಬೇಡ ಬಿಡಿ. ಮಾರುತ್ತಿದ್ದವನು ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ. ಕೆಂಪು ಬಣ್ಣ, ಅದರ ಮೇಲೆ ಸ್ಟಿಕ್ಕರ್, ಸ್ಟಿಕ್ಕರ್ ಕಿತ್ತ ಕಡೆ ಅಂಟು, ಕೆಳಗಡೆ ಅಂಚಿನಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದಿತ್ತು. "ಅಂಕಲ್, ಎಂಟು ಸಾವಿರ ಫೈನಲ್, ಒಂದು ವರ್ಷದಿಂದ ಯೂಸೇ ಮಾಡಿಲ್ಲ," ಅಂದ. ಅಂಕಲ್ ಅಂದಾಗಲೇ ಐನೂರು ಕಮ್ಮಿ ಮಾಡಬೇಕು ಅಂತ ಮನಸಲ್ಲೇ ತೀರ್ಮಾನ ಮಾಡಿದೆ.

ನೋಡಬೇಕಾದ್ದು ಬಣ್ಣ ಅಲ್ಲ, ನೆಕ್, ಅಂದರೆ ಬೆರಳು ಒತ್ತುವ ಉದ್ದನೆಯ ಕತ್ತು. ಇಷ್ಟು ಮಾತ್ರ ನನಗೆ ಮೊದಲೇ ಗೊತ್ತಿತ್ತು, ಅದೇ ನನ್ನನ್ನು ಉಳಿಸಿದ್ದು. ನಾಲ್ಕು ತಂತಿ ಬಿಗಿ ಮಾಡಿದರೆ ನೆಕ್ ಮೇಲೆ 70 ಕಿಲೋಗೂ ಜಾಸ್ತಿ ಎಳೆತ ಬೀಳುತ್ತದೆ. ಹಗಲೂ ರಾತ್ರಿ ಆ ಎಳೆತ ಇದ್ದೇ ಇರುತ್ತದೆ. ಅದನ್ನು ತಡೆಯೋಕೆ ಮರದೊಳಗೆ ಒಂದು ಕಬ್ಬಿಣದ ಕಡ್ಡಿ ಇರುತ್ತದೆ, ಟ್ರಸ್ ರಾಡ್ ಅಂತ. ದಪ್ಪ ತಂತಿಯನ್ನು ಒಂದು ಕೈಯಲ್ಲಿ ಮೊದಲನೇ ಫ್ರೆಟ್ ಹತ್ತಿರ, ಇನ್ನೊಂದು ಕೈಯಲ್ಲಿ ಕೊನೇ ಫ್ರೆಟ್ ಹತ್ತಿರ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ಅಂತ ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ದಾಟುವಷ್ಟು, ಅಂದರೆ 0.3 ಮಿ.ಮೀ. ಹತ್ತಿರ ಇದ್ದರೆ ಚೆನ್ನ. ಇದರಲ್ಲಿ ಮೂರು ಕಾರ್ಡ್ ಆರಾಮಾಗಿ ಹೋಗುತ್ತಿತ್ತು. ಬಿಲ್ಲಿನ ಹಾಗೆ ಬಾಗಿತ್ತು.

ಬಾಗಿದ್ದು ಸಮಸ್ಯೆ ಅಲ್ಲ, ಬಾಗಿದ್ದನ್ನು ಸರಿ ಮಾಡೋಕೆ ಆಗದಿದ್ದರೆ ಸಮಸ್ಯೆ. ಟ್ರಸ್ ರಾಡ್ ತಿರುಗಿಸೋ ಆಲನ್ ಕೀ ಜೇಬಲ್ಲೇ ಇತ್ತು, ಹುಡುಗನನ್ನು ಕೇಳಿ ತಂತಿ ಸ್ವಲ್ಪ ಸಡಿಲ ಮಾಡಿ ಕಾಲು ಸುತ್ತು ತಿರುಗಿಸಿದೆ. ಮೊದಲು ಗಟ್ಟಿ, ಆಮೇಲೆ ಟಕ್ ಅಂತ ಬಿಟ್ಟುಕೊಂಡು ನಿಧಾನವಾಗಿ ತಿರುಗಿತು. ಮತ್ತೆ ಶ್ರುತಿ ಮಾಡಿ ನೋಡಿದರೆ ಎರಡು ಕಾರ್ಡ್ ಆಗಿತ್ತು. ಅಲ್ಲಿಗೆ ನನಗೆ ಗಿಟಾರ್ ಬೇಕಾಯಿತು. ಅವನಿಗೆ ಅದು ಗೊತ್ತಾಗಬಾರದು, ಅಲ್ವಾ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಜ್ಯಾಕ್ ಅಲ್ಲಾಡಿಸಿದರೆ ಸೌಂಡ್ ಹೋಗಿ ಬರುತ್ತಿತ್ತು, ಬೆಲ್ಟ್ ಹಾಕುವ ಗುಂಡಿ ಕೈಗೇ ಬಂತು. ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. "ಏನಪ್ಪಾ, ಇದು ಗಿಟಾರೋ ಗಿಲಕಿಯೋ" ಅಂದೆ. ನಕ್ಕ. ಆರೂವರೆಗೆ ಬಂದ. ಕವರ್ ಕೊಡಲಿಲ್ಲ. ಕೆಂಪು ಬಸ್ಸಲ್ಲಿ ಬೆಡ್‌ಶೀಟ್ ಸುತ್ತಿ ಕಾಲ ಸಂದಿಯಲ್ಲಿ ಇಟ್ಟುಕೊಂಡು ಮೈಸೂರಿಗೆ ತಂದೆ. ಮಂಡ್ಯದಲ್ಲಿ ಹತ್ತಿದ ಅಜ್ಜಿ ಒಬ್ಬರು "ಯಾರಿಗಪ್ಪಾ ಏನಾಯ್ತು" ಅಂತ ಗಾಬರಿಯಾದರು, ಅದು ಬೇರೆ ಕಥೆ.

ಇಲ್ಲಿಗೆ ನಿಲ್ಲಿಸಿದ್ದರೆ ಜಾಣತನ ಆಗುತ್ತಿತ್ತು. ನೆಕ್ ಸರಿ ಮಾಡಿ, ಪಾಟು ಜ್ಯಾಕು ಬದಲಿಸಿ, ತಂತಿ ಹಾಕಿದ್ದರೆ ಒಂದೇ ಭಾನುವಾರದ ಕೆಲಸ. ಆದರೆ ನನಗೆ ಆ ಕೆಂಪು ಬಣ್ಣ, ಆ ಸ್ಟಿಕ್ಕರ್ ಅಂಟು ಕಂಡರೆ ಆಗುತ್ತಿರಲಿಲ್ಲ. ಒಳಗೆ ಒಳ್ಳೇ ಮರ ಇರುತ್ತೆ, ಬಣ್ಣ ತೆಗೆದು ಮರದ ಗೆರೆ ಕಾಣೋ ಹಾಗೆ ಪಾಲಿಶ್ ಮಾಡೋಣ ಅಂತ ಆಸೆ.

ಎಲ್ಲ ಬಿಚ್ಚಿದೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೋ ತೆಗೆದೆ, ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಹಾಕಿದೆ. ನೆಕ್‌ದು ಒಂದು ಗುಳಿ, ಬ್ರಿಡ್ಜ್‌ದು ಒಂದು. ಇದು ಹೆಂಡತಿ ಹೇಳಿಕೊಟ್ಟಿದ್ದು, ತಟ್ಟೆ ವಾಪಸ್ ಕೇಳಿದ್ದೂ ಅವಳೇ. ಪಾಟ್ ಕಡೆಯಿಂದ ಎಲ್ಲ ವೈರಿನ ಬೆಸುಗೆ ಬಿಡಿಸಿದೆ. ಬ್ರಿಡ್ಜ್ ಅಡಿಯಿಂದ ಒಂದು ವೈರ್ ಮರದ ತೂತಿನೊಳಗೆ ಹೋಗಿತ್ತು. ಅದರ ಬೋಳು ತುದಿ ಮರದ ಮೇಲೆ ಸುಮ್ನೆ ಮಲಗಿತ್ತು. ಎಳೆದರೆ ಬರಲಿಲ್ಲ, ಹಾಗೇ ಬಿಟ್ಟೆ. ಈ ವೈರನ್ನು ನೆನಪಿಟ್ಟುಕೊಳ್ಳಿ.

ಅಗ್ಗದ ಗಿಟಾರ್ ಬಣ್ಣ ಸಾಮಾನ್ಯ ಪೇಂಟ್ ಅಲ್ಲ. ಪಾಲಿಯೆಸ್ಟರ್, ಹೆಚ್ಚುಕಮ್ಮಿ ಪ್ಲಾಸ್ಟಿಕ್ಕಿನ ಚಿಪ್ಪು. ಥಿನ್ನರ್ ಹಾಕಿ ಒರೆಸಿದೆ, ಇನ್ನಷ್ಟು ಹೊಳೆಯಿತು, ಅಷ್ಟೇ. 80 ನಂಬರಿನ ಉಪ್ಪುಕಾಗದದಲ್ಲಿ ಒಂದು ಗಂಟೆ ಉಜ್ಜಿದೆ, ಅಂಗೈಯಗಲ ಜಾಗ ಮಂಕಾಯಿತು. ಕೊನೆಗೆ ಗೆಳೆಯನ ಮೊಬೈಲ್ ರಿಪೇರಿ ಅಂಗಡಿಯಿಂದ ಹೀಟ್ ಗನ್ ತಂದೆ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಿಸಿ ಮಾಡಿದರೆ ಅರ್ಧ ನಿಮಿಷದಲ್ಲಿ ಚಿಪ್ಪು ಸಣ್ಣಗೆ ಉಬ್ಬುತ್ತದೆ. ಆಗ ಪುಟ್ಟಿ ಬ್ಲೇಡ್ ತೂರಿಸಿದರೆ ಹಪ್ಪಳದ ಹಾಗೆ ಚೂರು ಚೂರಾಗಿ ಏಳುತ್ತದೆ. ಅದರಲ್ಲಿ ಒಂದು ಮಜಾ ಇದೆ, ನಿಲ್ಲಿಸೋಕೆ ಮನಸ್ಸಾಗಲ್ಲ. ಆ ಮಜಾದಲ್ಲೇ ಹಿಂಭಾಗದಲ್ಲಿ ಒಂದು ಕಡೆ ಮರ ಸುಟ್ಟು ಕಪ್ಪಾಯಿತು. ವಾಸನೆ ಕೆಟ್ಟದು, ಬಯಲಲ್ಲೇ ಮಾಡಿ, ಮಾಸ್ಕ್ ಹಾಕಿ. ನಾನು ತಾರಸಿ ಮೇಲೆ ಮಾಡಿದ್ದಕ್ಕೇ ಪಕ್ಕದ ಮನೆಯವರು ವೈರ್ ಸುಡ್ತಿದೆಯಾ ಅಂತ ಕೇಳಿಕೊಂಡು ಬಂದರು.

ನೆಕ್ ಕೂರುವ ಗುಂಡಿಯೊಳಗೆ ಮಾತ್ರ ಉಪ್ಪುಕಾಗದ ಹೋಗದ ಹಾಗೆ ಮೊದಲೇ ಟೇಪ್ ಅಂಟಿಸಿದ್ದೆ. ಅಲ್ಲಿ ಕಾಲು ಮಿ.ಮೀ. ಸವೆದರೂ ನೆಕ್ ಅಲ್ಲಾಡುತ್ತದೆ, ಕೋನ ಬದಲಾಗುತ್ತದೆ. ಆದರೆ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಬೇಕು ಅನ್ನೋದನ್ನು ಮರೆತು ಬರೀ ಬೆರಳಲ್ಲಿ ಉಜ್ಜಿದ್ದೆ. ಮೆತ್ತಗಿರೋ ಕಡೆ ಜಾಸ್ತಿ ಸವೆದು ಸಣ್ಣ ಅಲೆ ಬಿತ್ತು. ಕಣ್ಣಿಗೆ ಕಾಣಲಿಲ್ಲ. ಪಾಲಿಶ್ ಹೊಳಪು ಬಂದ ಮೇಲೆ ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದಾಗ ಕಂಡಿತು, ಆಗ ಏನೂ ಮಾಡೋ ಹಾಗಿರಲಿಲ್ಲ.

ಬಣ್ಣ ಪೂರ್ತಿ ಹೋದ ಮೇಲೆ ಒಳಗಿನ ಒಳ್ಳೇ ಮರ ಕಂಡಿತು. ಮೂರು ತುಂಡು ಅಂಟಿಸಿದ್ದು. ಒಂದು ತುಂಡು ಬೆಳ್ಳಗೆ, ನಡುವಿನದು ಹಸಿರು ಮಿಶ್ರಿತ ಬೂದಿ ಬಣ್ಣ, ಮೂರನೆಯದಕ್ಕೆ ಒಂದು ಗಂಟು, ಗಂಟಿಗೆ ಪುಟ್ಟಿ. ಯೋಚಿಸಿದರೆ ತಪ್ಪೇನಿಲ್ಲ, ಮೇಲೆ ದಪ್ಪ ಬಣ್ಣ ಬೀಳೋ ಮರಕ್ಕೆ ಕಾರ್ಖಾನೆಯವರು ಚಂದದ ಹಲಗೆ ಯಾಕೆ ಹಾಕುತ್ತಾರೆ? ಅಗ್ಗದ ಗಿಟಾರ್‌ನಲ್ಲಿ ಗಾಢ ಬಣ್ಣ ಇದ್ದರೆ ಒಳಗೆ ಹೀಗೇ ಇರುತ್ತದೆ ಅಂತ ಅಂದುಕೊಂಡೇ ಕೈ ಹಾಕಬೇಕು. ಮರದ ಗೆರೆ ಕಾಣಿಸೋ ಕನಸು ಅಲ್ಲಿಗೆ ಮುಗಿಯಿತು.

ನಮ್ಮ ಬೀದಿಯ ಕೊನೆಯಲ್ಲಿ ಹಳೇ ಮಂಚ, ಬಾಗಿಲಿಗೆ ಪಾಲಿಶ್ ಹಾಕುವ ಒಬ್ಬರಿದ್ದಾರೆ, ಅರವತ್ತರ ಹತ್ತಿರ ವಯಸ್ಸು. ಅವರಿಗೆ ಒಯ್ದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

"ಏನ್ ಸಾರ್ ಇದು, ದಿವಾನ್ ಕಾಲಾ?"

"ಗಿಟಾರ್ ಅಣ್ಣ. ಇದಕ್ಕೆ ಕಂದು ಬಣ್ಣ ಹಚ್ಚಿ ಪಾಲಿಶ್ ಮಾಡಬೇಕು. ಸ್ಪ್ರೇ ಗನ್ ಇಲ್ಲ ನನ್ನ ಹತ್ರ."

"ಬಣ್ಣ ಮರಕ್ಕೆ ಹಚ್ಚಬೇಡಿ. ಮೂರು ಮರ ಮೂರು ಥರ ಕುಡೀತದೆ, ನಾಯಿ ಮೈ ಆದಂಗಾಯ್ತದೆ. ಮೊದ್ಲು ಬರೀ ಅರಗು ಎರಡು ಕೋಟು ಎಳ್ದು ಬಾಯಿ ಮುಚ್ಚಿ. ಆಮೇಲೆ ಬಣ್ಣನ ಅರಗಿಗೇ ಕಲಸಿ ಎಳೀರಿ. ಬಣ್ಣ ಮೇಲೇ ನಿಂತ್ಕತದೆ."

ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಅತಿ ಬೆಲೆಯ ಮಾತು ಇದು, ಇದಕ್ಕೆ ಅವರು ತಗೊಂಡಿದ್ದು ಒಂದು ಟೀ.

ಅರಗು ನಮಗೆ ಹೊಸದೇನಲ್ಲ. ಸಣ್ಣ ಹುಳು ಮರದ ರೆಂಬೆ ಮೇಲೆ ಕಟ್ಟುವ ಅಂಟು ಅದು. ಚನ್ನಪಟ್ಟಣದ ಬೊಂಬೆ ಹೊಳೆಯೋದು ಇದರಿಂದಲೇ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ತಯಾರಿಸುವ ನಮ್ಮೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ಅರಗು ಇತ್ತು, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ತಾತನ ಕಾಲದ 78 ಸುತ್ತಿನ ಗ್ರಾಮಫೋನ್ ಪ್ಲೇಟಿನಲ್ಲೂ ಅರಗೇ. ಇನ್ನೂ ಒಂದು ಗುಣ ಇದೆ ಇದಕ್ಕೆ. ಪ್ಲಾಸ್ಟಿಕ್ ಬರುವ ಮೊದಲು ಕರೆಂಟ್ ಸಾಮಾನುಗಳಲ್ಲಿ ವಿದ್ಯುತ್ ಹರಿಯದ ಹಾಗೆ ತಡೆಯೋಕೆ ಅರಗು ಬಳಿಯುತ್ತಿದ್ದರು. ಇದನ್ನು ನಾನು ಎಲ್ಲೋ ಓದಿ ತಿಳಿದಿದ್ದೆ ಕೂಡ. ತಿಳಿದಿದ್ದು ಸಮಯಕ್ಕೆ ನೆನಪಾಗಬೇಕಲ್ಲ.

200 ಮಿ.ಲೀ. ಸ್ಪಿರಿಟ್‌ಗೆ 30 ಗ್ರಾಂ ಅರಗಿನ ಚಕ್ಕೆ ಹಾಕಿ ಜಾಮ್ ಬಾಟಲಿಯಲ್ಲಿ ರಾತ್ರಿ ಇಟ್ಟೆ. ಆಗಾಗ ಅಲ್ಲಾಡಿಸಿದರೆ ಬೆಳಿಗ್ಗೆಗೆ ಜೇನುತುಪ್ಪದ ಬಣ್ಣದ ನೀರು. ಹಳೇ ಬನಿಯನ್ ಬಟ್ಟೆಯೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಅದರಲ್ಲಿ ತೆಳ್ಳಗೆ ಎಳೆಯಬೇಕು. ಎಳೆದ ಜಾಗಕ್ಕೆ ತಕ್ಷಣ ಮತ್ತೆ ಹೋದರೆ ಕೆಳಗಿನದು ಕಿತ್ತು ಬರುತ್ತದೆ. ಒಲೆ ಹತ್ತಿರ ಈ ಕೆಲಸ ಬೇಡವೇ ಬೇಡ. ಅರಗಿನ ಮನೆಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಅರಗಿನ ಜೊತೆ ಸ್ಪಿರಿಟ್ ಬೇರೆ.

ಎರಡು ಕೋಟು ಬರೀ ಅರಗು, ಎಂಟು ಕೋಟು ಕಂದು ಬಣ್ಣದ ಅರಗು, ಮೇಲೆ ನಾಲ್ಕು ಮತ್ತೆ ಬರೀ ಅರಗು. ಆರನೇ ಕೋಟಿಗೆ ಮೂರೂ ತುಂಡು ಒಂದೇ ಬಣ್ಣಕ್ಕೆ ಬಂದವು, ಸುಟ್ಟ ಕಪ್ಪೂ ಅದರಲ್ಲೇ ಮುಳುಗಿತು. ಕಾಫಿ ಡಿಕಾಕ್ಷನ್ ಬಣ್ಣ. ನಡುವೆ ಒಂದು ಭಾನುವಾರ ಜಿಟಿಜಿಟಿ ಮಳೆ. ಹಬ್ಬ ಹತ್ತಿರ ಬರ್ತಿದೆ ಅಂತ ಮಳೆಯಲ್ಲೇ ಎರಡು ಕೋಟು ಎಳೆದೆ. ಕಣ್ಣೆದುರೇ ಮೇಲ್ಮೈ ಮಂಜು ಕವಿದ ಕನ್ನಡಕದ ಹಾಗೆ ಬೆಳ್ಳಗಾಯಿತು. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಅರಗಿನೊಳಗೆ ಸಿಕ್ಕಿಕೊಳ್ಳುತ್ತದೆ. ಎಲ್ಲ ಕೆಡಿಸಿದೆ ಅಂತ ಅಣ್ಣನ ಹತ್ತಿರ ಓಡಿದರೆ, ಬಿಸಿಲು ಬಂದ ದಿನ ಉಂಡೆಗೆ ಬರೀ ಸ್ಪಿರಿಟ್ ಹಾಕಿ ಮೆಲ್ಲಗೆ ಒಂದು ಸಲ ಎಳೀರಿ ಅಂದರು. ಮೂರು ದಿನ ಬಿಟ್ಟು ಹಾಗೇ ಮಾಡಿದೆ. ಎಳೆದ ದಾರಿಯಲ್ಲೇ ಬಿಳುಪು ಮಾಯವಾಗಿ ಡಿಕಾಕ್ಷನ್ ವಾಪಸ್ ಬಂತು. ಹೊಸ ಅರಗು ಹಳೇ ಅರಗನ್ನು ಕರಗಿಸಿಕೊಂಡು ಒಂದಾಗುತ್ತದೆ, ಹಾಗಾಗಿ ಇದರಲ್ಲಿ ತಪ್ಪು ಮಾಡಿದರೂ ರಿಪೇರಿ ಸುಲಭ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಜೋಡಿಸೋದು ಅರ್ಧ ದಿನದ ಕೆಲಸ. ಬೆಲ್ಟ್ ಗುಂಡಿಯ ದೊಡ್ಡದಾಗಿದ್ದ ತೂತಿಗೆ ಎರಡು ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಒಣಗಿಸಿದೆ, ಈಗ ಗಟ್ಟಿಯಾಗಿದೆ. ಹೊಸ ಪಾಟ್, ಹೊಸ ಜ್ಯಾಕ್ ಬೆಸುಗೆ ಹಾಕಿದೆ. ಹೊಸ ತಂತಿ. ಆಂಪ್‌ಗೆ ಹಾಕಿ ಆನ್ ಮಾಡಿದೆ.

ಗುಂಯ್ಯ್ ಅಂತು.

ನುಡಿಸಿದರೆ ಸ್ವರ ಬರುತ್ತಿದೆ, ಜೊತೆಗೆ ಗುಂಯ್. ಮೊದಲ ಅನುಮಾನ ನನ್ನ ಬೆಸುಗೆ ಮೇಲೆ. ಬಿಚ್ಚಿ ಮತ್ತೆ ಹಾಕಿದೆ. ಹಾಗೇ. ಕೇಬಲ್ ಬದಲಿಸಿದೆ. ಹಾಗೇ. ನನ್ನ ರಿದಮ್ ಗಿಟಾರ್ ಅದೇ ಕೇಬಲ್, ಅದೇ ಆಂಪ್‌ಗೆ ಹಾಕಿದರೆ ತೆಪ್ಪಗಿರುತ್ತದೆ. ಪಿಕಪ್ ಹೋಗಿದೆಯೇನೋ ಅನ್ನಿಸಿತು. ಅಲ್ಲೂ ಒಂದು ಒಗಟು: ಈ ಎರಡು ತುಂಡಿನ ಪಿಕಪ್‌ನಲ್ಲಿ ಸುರುಳಿಗಳು ಒಂದಕ್ಕೊಂದು ಎದುರು ಸುತ್ತಿರುತ್ತವೆ, ಎರಡಕ್ಕೂ ಬರುವ ಗುಂಯ್ ಪರಸ್ಪರ ಹೊಡೆದುಕೊಂಡು ಹೋಗಬೇಕು. ಹಾಗಿದ್ದೂ ಯಾಕೆ? ಆ ಭಾನುವಾರ ಹಾಗೇ ಹೋಯಿತು.

ಮುಂದಿನ ಭಾನುವಾರ ಬೇಜಾರಲ್ಲಿ ಕೂತು ಸುಮ್ನೆ ಕೈಯಾಡಿಸುತ್ತಿದ್ದೆ. ಬೆರಳು ಜ್ಯಾಕಿನ ನಟ್ಟಿಗೆ ತಾಗಿತು, ಗುಂಯ್ ನಿಂತಿತು. ಬಿಟ್ಟೆ, ಬಂತು. ತಂತಿ ಮುಟ್ಟಿದೆ, ಬದಲಾವಣೆ ಇಲ್ಲ. ತಂತಿ ಮುಟ್ಟಿದರೂ ನಿಲ್ಲಬೇಕಿತ್ತು! ಆ ಎದುರು ಸುರುಳಿ ತಡೆಯೋದು ಟ್ರಾನ್ಸ್‌ಫಾರ್ಮರ್ ಥರದವು ಎಬ್ಬಿಸುವ ಕಾಂತದ ಗುಂಯ್ ಅನ್ನು ಮಾತ್ರ. ಮನೆಯ ವೈರಿಂಗು, ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರ್‌ಗಳ ಗದ್ದಲವನ್ನು ನಮ್ಮ ಮೈಯೇ ಆಂಟೆನಾ ಹಾಗೆ ಹಿಡಿದು ಪಿಕಪ್ ಹತ್ತಿರ ತರುತ್ತದೆ. ಅದನ್ನು ಇಳಿಸೋಕೆ ತಂತಿಗಳು ಬ್ರಿಡ್ಜ್ ಮೂಲಕ ಅರ್ತ್‌ಗೆ ಸೇರಿರಬೇಕು. ಸೇರಿಸೋದು ಆ ಒಂದು ವೈರ್. ಬ್ರಿಡ್ಜ್ ಅಡಿಯಲ್ಲಿ ಸುಮ್ನೆ ಮಲಗಿದ್ದ ವೈರ್.

ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಜ್ಯಾಕಿನ ನಟ್ಟಿಗೆ ಹಿಡಿದೆ. ಸದ್ದಿಲ್ಲ. ತಂತಿ ಸಡಿಲ ಮಾಡಿ, ಬ್ರಿಡ್ಜ್‌ನ ಐದು ಸ್ಕ್ರೂ ಬಿಚ್ಚಿ ಎತ್ತಿದೆ. ವೈರಿನ ತುದಿ ಡಿಕಾಕ್ಷನ್ ಬಣ್ಣದಲ್ಲಿ, ಗಾಜಿನೊಳಗಿನ ಹುಳುವಿನ ಹಾಗೆ, ಲಕಲಕ ಹೊಳೆಯುತ್ತಿತ್ತು. ಉಂಡೆಗೆ ಅಡ್ಡ ಬರ್ತಿದೆ ಅಂತ ನಾನೇ ಬೆರಳಲ್ಲಿ ಒತ್ತಿ ಮಲಗಿಸಿ, ಅದರ ಮೇಲೆ ಹದಿನಾಲ್ಕು ಕೋಟು ಎಳೆದಿದ್ದೆ. ಕರೆಂಟ್ ತಡೆಯೋಕೆ ಹೆಸರಾದ ಅರಗು.

ಬ್ಲೇಡಿನಲ್ಲಿ ಕೆರೆದೆ, ಎಳೆಗಳನ್ನು ಬೀಸಣಿಗೆ ಹಾಗೆ ಹರಡಿದೆ, ಬ್ರಿಡ್ಜ್ ಕೂರಿಸಿ ಬಿಗಿದೆ. ಬೀಪ್. ಹತ್ತು ನಿಮಿಷದ ಕೆಲಸ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನನ್ನ ಬೇಸ್ ಎರಡು ವಾರ ಹಾಗೆ ಮಲ್ಲಿಗೆ ಮುಡಿದುಕೊಂಡು ಕೂತಿತ್ತು.

ಉಳಿದಿದ್ದು ಹೊಂದಾಣಿಕೆ. ಟ್ರಸ್ ರಾಡನ್ನು ದಿನಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ ಎರಡು ದಿನದಲ್ಲಿ ಒಂದು ಕಾರ್ಡಿಗೆ ತಂದೆ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ ಎರಡೂವರೆ ಮಿ.ಮೀ., ತೆಳು ತಂತಿ ಎರಡು ಮಿ.ಮೀ. ಎತ್ತರಕ್ಕೆ ಇಟ್ಟೆ. ಆಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ, ಅಲ್ಲೇ ಬೆರಳು ತಾಗಿಸಿ ಬಿಟ್ಟಾಗ ಬರುವ ಸ್ವರವೂ ಒಂದೇ ಆಗಬೇಕು. ಒತ್ತಿದ್ದು ಮೇಲೆ ಹೋದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಮೊಬೈಲ್ ಟ್ಯೂನರ್ ಆ್ಯಪ್ ಸಾಕು. ಆದರೆ ದಪ್ಪ ತಂತಿ ಬಿಟ್ಟು ಮೀಟಿದರೆ ಬರೋದು 41 ಹರ್ಟ್ಸ್, ಅದು ಮೊಬೈಲ್ ಮೈಕಿಗೆ ಸರಿಯಾಗಿ ಕೇಳಲ್ಲ, ಹನ್ನೆರಡನೇ ಫ್ರೆಟ್‌ದೇ ನೋಡಿ.

ಬಣ್ಣ ತೆಗೆದರೆ ಮರ ಉಸಿರಾಡುತ್ತೆ, ಸೌಂಡ್ ಬದಲಾಗುತ್ತೆ ಅನ್ನೋರಿದ್ದಾರೆ. ನನ್ನ ಗಿಟಾರ್ ಸೌಂಡ್ ಬಹಳ ಚೆನ್ನಾಗಾಯಿತು ನಿಜ. ಆದರೆ ತಂತಿ ಹೊಸದು, ಪಾಟ್ ಹೊಸದು, ನೆಕ್ ನೆಟ್ಟಗಾಗಿದೆ. ಅದರಲ್ಲಿ ಅರಗಿಗೆ ಎಷ್ಟು ಪಾಲು ಕೊಡೋದು? ನನ್ನ ಕಿವಿ ಏನೂ ಕೊಡಬೇಡ ಅನ್ನುತ್ತದೆ. ಮಾರಲು ಹೋದರೆ ಬೆಲೆ ಜಾಸ್ತಿ ಸಿಗುತ್ತಾ ಅಂದರೆ ಅದೂ ಇಲ್ಲ. ಕೈಯಾರೆ ಬಣ್ಣ ಬದಲಿಸಿದ ಅಗ್ಗದ ಗಿಟಾರನ್ನು ಕೊಳ್ಳೋನು ಅನುಮಾನದಿಂದಲೇ ನೋಡುತ್ತಾನೆ, ನಾನಾದರೂ ಹಾಗೇ ನೋಡುತ್ತಿದ್ದೆ.

ಹಬ್ಬದಲ್ಲಿ ಎರಡು ಪೆಂಡಾಲ್ ಮುಗಿಸಿದ್ದೇವೆ, ಗುಂಯ್ ಬರಲಿಲ್ಲ. ಬೇಸ್ ಬಣ್ಣ ಯಾರೂ ಗಮನಿಸಲಿಲ್ಲ, ಪಾಲಿಶ್ ಅಣ್ಣ ಒಬ್ಬರು ಮುಂದಿನ ಸಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಬಲಗೈ ಊರುವ ಅಂಚಿನಲ್ಲಿ ಬೆವರಿಗೆ ಹೊಳಪು ಈಗಲೇ ಮಂಕಾಗಿದೆ. ಅರಗು ಬೆವರಿಗೂ ಬಿಸಿಗೂ ಗಟ್ಟಿಯಲ್ಲ, ಅಲ್ಲಿ ಆಗಾಗ ಎರಡು ಕೋಟು ಎಳೆಯಬೇಕು. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿದೆ, ಆದರೆ ಕಲಸಿ ಆರು ತಿಂಗಳು ದಾಟಿದ ಅರಗು ಸರಿಯಾಗಿ ಒಣಗದೆ ಅಂಟಾಗೇ ಉಳಿಯುತ್ತದೆ ಅಂತ ಅಣ್ಣ ಹೇಳಿದ್ದಾರೆ. ರಾಜ್ಯೋತ್ಸವ ಮುಗಿದ ಮೇಲೆ ಚೆಲ್ಲಿ ಹೊಸದು ಕಲಸಬೇಕು. ಈ ಸಲ ಬ್ರಿಡ್ಜ್ ಬಿಚ್ಚಲ್ಲ.